ವೆಸ್ಟ್‌ವುಡ್ ಆಡಿದ ಆಟ ವೆಸ್ಟ್‌ವುಡ್ ಅವರ ಹೆಸರಿನಲ್ಲೇ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

2025ರ ಜೂನ್ 10ರಂದು ಹಾಂಗ್‌ಕಾಂಗ್‌ನ ಕೈ ಟಾಕ್ ಕ್ರೀಡಾಂಗಣದಲ್ಲಿ ಭಾರತದ ಫುಟ್‌ಬಾಲ್ ತಂಡ 94ನೇ ನಿಮಿಷದ ಪೆನಾಲ್ಟಿಯಿಂದ 0–1ರಲ್ಲಿ ಸೋತಿತು. ಸೋತ ಸಂಕಟ ಹಾಗಿರಲಿ. ಅದಾದ ಮೇಲೆ ನಿಮ್ಮ ಕ್ರೀಡಾಪುಟದಲ್ಲಿ ಹಾಂಗ್‌ಕಾಂಗ್ ತಂಡದ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಅವರ ಪರಿಚಯ ಒಂದು ಚಿಕ್ಕ ಬಾಕ್ಸ್‌ನಲ್ಲಿ ಬಂದಿತ್ತು. ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಅವರೇ ಎಂದು ಬರೆದದ್ದು ಸರಿ. ಅದರ ಕೆಳಗೆ, ಅವರು ಆಸ್ಟನ್ ವಿಲ್ಲಾ ಮತ್ತು ಬರ್ನ್ಲಿ ತಂಡಗಳ ಪರವಾಗಿ ಇಂಗ್ಲೆಂಡಿನ ಮೊದಲ ಹಂತವಾದ ಪ್ರೀಮಿಯರ್ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿದ ಮಿಡ್‌ಫೀಲ್ಡರ್ ಎಂದೂ ಬರೆದಿದ್ದೀರಿ. ಅದು ಬೇರೆ ವೆಸ್ಟ್‌ವುಡ್.

ನಾನು ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗ ವಿನಯವಂತ. ‘ಒಂದು ನಿಮಿಷ ಸರ್’ ಎಂದು ಕಂಪ್ಯೂಟರಿನಲ್ಲಿ ಹುಡುಕಿ, ‘ನೀವು ಹೇಳಿದ್ದು ಸರಿ. ಆದರೆ ನಿಮ್ಮ ವೆಸ್ಟ್‌ವುಡ್ ಹೇಳಿಕೊಳ್ಳುವಂಥ ಆಟಗಾರರೇನೂ ಅಲ್ಲವಲ್ಲ. ನಾವು ಬರೆದದ್ದರಿಂದ ಅವರ ಮರ್ಯಾದೆ ಹೆಚ್ಚೇ ಆಗಿದೆ, ಕಡಿಮೆ ಆಗಿಲ್ಲ’ ಎಂದು ನಕ್ಕರು. ನಾನೂ ನಕ್ಕು ಫೋನ್ ಇಟ್ಟೆ. ಆಮೇಲೆ ಎರಡು ದಿನ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಅದಕ್ಕಾಗಿಯೇ ಈ ಪತ್ರ. ಉದ್ದವಾದರೆ ಕ್ಷಮಿಸಿ, ಕತ್ತರಿಸುವ ಅಧಿಕಾರ ನಿಮಗಿದೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಮಾತ್ರ ಕೊನೆಯಲ್ಲಿ ನಾನೇ ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. 2013ರ ಜುಲೈನಲ್ಲಿ ಬೆಂಗಳೂರಿಗೆ ಹೊಸ ಕ್ಲಬ್ ಬರುತ್ತದೆ, ಅದಕ್ಕೆ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಕೋಚ್ ಎಂಬ ಸುದ್ದಿ ಬಂದಾಗ ನನ್ನ ಜೊತೆ ಕಾರ್ಖಾನೆ ತಂಡದಲ್ಲಿ ಆಡುತ್ತಿದ್ದ ಆಸ್ಟಿನ್ ಟೌನ್‌ನ ಗೆಳೆಯ ಕುಣಿದಾಡಿಬಿಟ್ಟಿದ್ದ. ‘ವಿಲ್ಲಾ ತಂಡದ ಹುಡುಗನನ್ನೇ ಎಳೆದುಕೊಂಡು ಬಂದಿದ್ದಾರೆ ನೋಡು!’ ನನಗೂ ಹಾಗೆಯೇ ಅನ್ನಿಸಿತ್ತು. ಇಪ್ಪತ್ತಮೂರು ವರ್ಷದ ಹುಡುಗ ಆಡುವುದನ್ನು ಬಿಟ್ಟು ಕೋಚ್ ಆಗಿ ಯಾಕೆ ಬರುತ್ತಾನೆ ಎಂಬ ಸಣ್ಣ ಸಂಶಯ ನನಗೆ ಬಂದದ್ದು ಸಂಜೆ. ಒಂದು ಪ್ಲೇಟ್ ಬಿರಿಯಾನಿಯ ಪಂದ್ಯ ಕಟ್ಟಿ, ಮಗನ ಲ್ಯಾಪ್‌ಟಾಪ್ ತೆರೆಸಿ ನೋಡಿದರೆ ಒಂದೇ ಹೆಸರಿನವರು ಇಬ್ಬರು. ಇಬ್ಬರೂ ಕ್ರೂ ಅಲೆಗ್ಸಾಂಡ್ರಾ ಎಂಬ ಒಂದೇ ಕ್ಲಬ್‌ನಲ್ಲಿ ಆಡಿದವರು! ದೊಡ್ಡವರು ಹುಟ್ಟಿದ್ದು 1976ರಲ್ಲಿ, ಶ್ರಾಪ್‌ಶೈರಿನ ಬ್ರಿಜ್‌ನಾರ್ತ್‌ನಲ್ಲಿ. ಚಿಕ್ಕವರು 1990ರಲ್ಲಿ, ಕ್ರೂ ಪಕ್ಕದ ನ್ಯಾಂಟ್‌ವಿಚ್‌ನಲ್ಲಿ. ದೊಡ್ಡವರು 1998ರಲ್ಲಿ ಕ್ರೂ ಬಿಟ್ಟಾಗ ಚಿಕ್ಕವರಿಗೆ ಎಂಟು ವರ್ಷ. ವಿಲ್ಲಾ, ಬರ್ನ್ಲಿ, ಆಮೇಲೆ ಅಮೆರಿಕದ ಶಾರ್ಲೆಟ್ ಎಲ್ಲ ಚಿಕ್ಕವರದು. ಆದ್ದರಿಂದ ನಿಮ್ಮ ಬರಹಗಾರರನ್ನು ಈ ತಪ್ಪಿಗಾಗಿ ನಾನು ಬಯ್ಯುವಂತಿಲ್ಲ. ಬಿರಿಯಾನಿಯ ಹಣವನ್ನು ಯಾರು ಕೊಟ್ಟರು ಎಂಬುದು ಮಾತ್ರ ಇಂದಿಗೂ ತಕರಾರಿನಲ್ಲಿದೆ.

ನನ್ನ ತಕರಾರು ಇರುವುದು ‘ಹೇಳಿಕೊಳ್ಳುವಂಥ ಆಟಗಾರರೇನೂ ಅಲ್ಲ’ ಎಂಬ ಮಾತಿಗೆ.

ನಾನು ಕುಂದಾಪುರ ಕಡೆಯವನು. ನಮ್ಮಲ್ಲಿ ಯಕ್ಷಗಾನಕ್ಕೆ ‘ಆಟ’ ಎಂದೇ ಹೆಸರು. ನನ್ನ ಚಿಕ್ಕಪ್ಪ ಮದ್ದಲೆಗಾರರು. ಅವರ ವಯಸ್ಸು ಎಷ್ಟು, ಸಂಬಳ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ, ‘ಎಷ್ಟು ತಿರುಗಾಟ ಆಯಿತು?’ ಎಂದು ಕೇಳುತ್ತಿದ್ದರು. ತಿರುಗಾಟ ಎಂದರೆ ಮೇಳ ಊರೂರು ಸುತ್ತುವ ಒಂದು ಹಂಗಾಮು. ಐದು ಮೇಳ, ಇಪ್ಪತ್ತಾರು ತಿರುಗಾಟ ಎಂದರೆ ಅಂಗಳದಲ್ಲಿ ಕುರ್ಚಿ ತಂದು ಹಾಕುತ್ತಿದ್ದರು. ಮಳೆಗಾಲಕ್ಕೆ ಮೊದಲು ಮೇಳ ಗೆಜ್ಜೆ ಬಿಚ್ಚುತ್ತದೆ. ಮುಂದಿನ ತಿರುಗಾಟಕ್ಕೆ ಯಾವ ಮೇಳ ಕರೆಯುತ್ತದೆ, ಎಷ್ಟಕ್ಕೆ ಕರೆಯುತ್ತದೆ, ಕರೆಯದಿದ್ದರೆ ಏನು ಗತಿ ಎಂಬುದು ಆ ನಾಲ್ಕೈದು ತಿಂಗಳು ಮನೆಯಲ್ಲಿ ಮಾತನಾಡದ ಮಾತು. ಇಂಗ್ಲೆಂಡಿನ ಕೆಳ ಹಂತದ ಫುಟ್‌ಬಾಲ್ ಹೆಚ್ಚೂಕಡಿಮೆ ಹೀಗೆಯೇ. ಆಗಸ್ಟ್‌ನಲ್ಲಿ ಶುರು, ಮೇ ತಿಂಗಳಲ್ಲಿ ಮುಗಿತಾಯ, ಜೂನ್ ಕೊನೆಗೆ ಕರಾರು ತೀರುತ್ತದೆ. ವರ್ಷಕ್ಕೆ, ಹೆಚ್ಚೆಂದರೆ ಎರಡು ವರ್ಷಕ್ಕೆ ಕಾಗದ. ಮಂಡಿ ಒಮ್ಮೆ ಉಳುಕಿದರೆ, ಕರೆದ ಕೋಚ್‌ನ ಕೆಲಸ ಹೋದರೆ, ಮತ್ತೆ ಗಂಟುಮೂಟೆ. ವೆಸ್ಟ್‌ವುಡ್ ಆಡಿದ್ದು ಇಂಥ ತಿರುಗಾಟಗಳನ್ನು. ನೀವು ಅದನ್ನು ಅಳಿಸಿ ಅಲ್ಲಿ ವಿಲ್ಲಾ ಎಂದು ಬರೆದರೆ ಚಿಕ್ಕಪ್ಪನ ಇಪ್ಪತ್ತಾರು ತಿರುಗಾಟ ಅಳಿಸಿ ‘ಸಿನಿಮಾದಲ್ಲಿ ನಟಿಸಿದ್ದರು’ ಎಂದು ಬರೆದಂತೆ. ಮರ್ಯಾದೆ ಎಲ್ಲಿ ಹೆಚ್ಚಾಯಿತು?

ಇನ್ನು ಅವರ ತಿರುಗಾಟ. ಆರಂಭ ದೊಡ್ಡ ಮೇಳದಲ್ಲೇ. ಮ್ಯಾಂಚೆಸ್ಟರ್ ಯುನೈಟೆಡ್‌ನ ಗರಡಿಯಲ್ಲಿ ಬೆಳೆದ ಹುಡುಗ. ಬೆಕಮ್, ಸ್ಕೋಲ್ಸ್, ನೆವಿಲ್ ಸೋದರರು ಮೇಲೇರಿದ ಕಾಲ ಅದು. 1995ರಲ್ಲಿ ಫಿಲ್ ನೆವಿಲ್ ನಾಯಕತ್ವದಲ್ಲಿ ಟಾಟನಮ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಯುನೈಟೆಡ್ ಎಫ್‌ಎ ಯೂತ್ ಕಪ್ ಗೆದ್ದಾಗ ವೆಸ್ಟ್‌ವುಡ್ ಆ ತಂಡದವರು. ಕಪ್ ಎತ್ತಿದ ಕೆಲವೇ ವಾರಗಳಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಯುನೈಟೆಡ್‌ನ ಗೇಟಿನಿಂದ ಹೊರಗೆ. ಯುನೈಟೆಡ್ ಪರವಾಗಿ ಒಂದೇ ಒಂದು ಹಿರಿಯರ ಪಂದ್ಯವೂ ಇಲ್ಲ. ಎಷ್ಟೋ ಹುಡುಗರು ಇಲ್ಲಿಗೇ ಬೂಟು ನೇತುಹಾಕಿ ಬೇರೆ ಕೆಲಸ ನೋಡಿಕೊಳ್ಳುತ್ತಾರೆ.

ಅವರು ಹೋದದ್ದು ಕ್ರೂಗೆ. ಕ್ರೂ ಎಂದರೆ ನಮ್ಮ ಅರಸೀಕೆರೆ ಮತ್ತು ಹುಬ್ಬಳ್ಳಿ ಎರಡನ್ನೂ ಸೇರಿಸಿದಂಥ ಊರು. ಹತ್ತು ದಿಕ್ಕಿನ ರೈಲು ಬಂದು ಸೇರುವ ಜಂಕ್ಷನ್ನು, ಎಂಜಿನ್ ಕಟ್ಟುವ ಕಾರ್ಖಾನೆ. ಕ್ಲಬ್ಬಿನ ಅಡ್ಡ ಹೆಸರೇ ‘ರೈಲ್ವೆಯವರು’, ಮೈದಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಅಲ್ಲಿ ಡೇರಿಯೊ ಗ್ರಾಡಿ ಎಂಬ ಕೋಚ್ ದಶಕಗಟ್ಟಲೆ ಕುಳಿತು, ದೊಡ್ಡ ಕ್ಲಬ್‌ಗಳು ಬೇಡವೆಂದ ಹುಡುಗರನ್ನು ತಿದ್ದಿ ಮಾರುತ್ತಿದ್ದರು. ಮುಂದೆ ಇಂಗ್ಲೆಂಡಿಗೆ ಆಡಿದ ಡೇವಿಡ್ ಪ್ಲಾಟ್ ಯುನೈಟೆಡ್ ಕೈಬಿಟ್ಟು ಕ್ರೂಗೆ ಬಂದವರು, ರಾಬಿ ಸ್ಯಾವೇಜ್ ಕೂಡ ಹಾಗೆಯೇ. ಹೀಗೆ ಯುನೈಟೆಡ್‌ನಿಂದ ಕ್ರೂಗೆ ಒಂದು ಶಾಖಾ ಮಾರ್ಗವೇ ಇತ್ತು, ವೆಸ್ಟ್‌ವುಡ್ ಅದರಲ್ಲೇ ಬಂದಿಳಿದರು. 1997ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ 1–0 ಗೆದ್ದು, ನೂರು ವರ್ಷದ ನಂತರ ಕ್ರೂ ಎರಡನೇ ಹಂತಕ್ಕೆ ಏರಿತು. ಜಂಕ್ಷನ್ ಊರಿನ ಗುಣವೋ ಏನೋ, ಅಲ್ಲಿ ಯಾರೂ ಉಳಿಯುವುದಿಲ್ಲ. ಮರುವರ್ಷವೇ ಅವರು ಬ್ರ್ಯಾಡ್‌ಫರ್ಡ್ ಸಿಟಿಗೆ.

ಬ್ರ್ಯಾಡ್‌ಫರ್ಡ್‌ನಲ್ಲಿ ಮೊದಲ ವರ್ಷವೇ ಹಬ್ಬ. 1999ರ ಮೇ 9ರಂದು ವುಲ್ವ್ಸ್ ತಂಡವನ್ನು ಅವರದೇ ಮೈದಾನದಲ್ಲಿ 3–2ರಿಂದ ಸೋಲಿಸಿ, ಎಪ್ಪತ್ತೇಳು ವರ್ಷಗಳ ನಂತರ ಆ ಉಣ್ಣೆ ಗಿರಣಿಗಳ ಊರು ಮೊದಲ ಹಂತಕ್ಕೆ ಹೋಯಿತು. ಸಂಭ್ರಮದಲ್ಲಿ ನಾಯಕ ಸ್ಟುವರ್ಟ್ ಮೆಕಾಲ್ ಕಾರಿನ ಮೇಲೆ ಹತ್ತಿ, ಕೈಯಲ್ಲಿದ್ದ ಬಿಯರ್ ಡಬ್ಬಿಯನ್ನು ಬಿಡದೆ ನೆಲಕ್ಕೆ ಬಿದ್ದದ್ದು ಇಂದಿಗೂ ಅಂತರ್ಜಾಲದಲ್ಲಿ ಓಡುತ್ತಿದೆ, ಬಿಡುವಿದ್ದರೆ ನೋಡಿ. ಮರುವರ್ಷ ಪ್ರೀಮಿಯರ್ ಲೀಗ್‌ನಲ್ಲಿ ವೆಸ್ಟ್‌ವುಡ್ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಅವರ ನಿಜವಾದ ಪ್ರೀಮಿಯರ್ ಲೀಗ್ ಚರಿತ್ರೆ ಅಷ್ಟೇ. ಅದು ಚಿಕ್ಕದು, ಆದರೆ ಅವರದೇ.

2000ದಲ್ಲಿ ಬ್ರ್ಯಾಡ್‌ಫರ್ಡ್ ಕೋಚ್ ಪಾಲ್ ಜ್ಯುವೆಲ್ ಶೆಫೀಲ್ಡ್ ವೆನ್ಸ್‌ಡೇ ತಂಡಕ್ಕೆ ಹೋದರು. ಹೋಗುವಾಗ ಇವರನ್ನೂ ಕರೆದುಕೊಂಡರು. ಕರೆದೊಯ್ದವರ ಕೆಲಸ ವರ್ಷ ತುಂಬುವ ಮೊದಲೇ ಹೋಯಿತು. ಇವರು ಉಳಿದರು. ಆ ಕ್ಲಬ್ ಆಗಷ್ಟೇ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದಿತ್ತು, ಮೇಲೆ ಸಾಲದ ಹೊರೆ. ಅದೇ ಹೊತ್ತಿಗೆ, 2002ರಲ್ಲಿ, ಕೆಳ ಹಂತದ ಪಂದ್ಯಗಳನ್ನು ತೋರಿಸಲು ಮೂರು ವರ್ಷಕ್ಕೆ 31.5 ಕೋಟಿ ಪೌಂಡ್ ಕೊಡುತ್ತೇನೆಂದಿದ್ದ ಐಟಿವಿ ಡಿಜಿಟಲ್ ಮುಳುಗಿತು. ಬರುತ್ತದೆಂದು ನಂಬಿ ಕ್ಲಬ್‌ಗಳು ಮೊದಲೇ ಖರ್ಚು ಮಾಡಿದ್ದ ಹಣ ಅದು. ಆ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ನೂರಾರು ಆಟಗಾರರು ಕೆಲಸವಿಲ್ಲದೆ ಕುಳಿತರು. ನಮ್ಮ ಕಡೆ ಮಿಲ್ಲು ಮುಚ್ಚಿದಾಗ ಗೇಟಿನ ಮುಂದೆ ನಿಂತವರ ಮುಖ ನನಗೆ ಗೊತ್ತು. ಅಲ್ಲಿಯೂ ಬೇರೆ ಇದ್ದಿರಲಾರದು. 2003ರಲ್ಲಿ ವೆನ್ಸ್‌ಡೇ ಇನ್ನೊಂದು ಮೆಟ್ಟಿಲು ಕೆಳಗಿಳಿಯಿತು, ವೆಸ್ಟ್‌ವುಡ್ ಅವರ ಕಾಗದ ತೀರಿತು.

ಆಮೇಲೆ ನಾರ್ಥಾಂಪ್ಟನ್. ಬೂಟು ಹೊಲಿಯುವವರ ಊರು, ಕ್ಲಬ್ಬಿಗೂ ಆ ಹೆಸರೇ. 2004ರ ಜನವರಿಯಲ್ಲಿ ಎಫ್‌ಎ ಕಪ್ ಪಂದ್ಯಕ್ಕೆ, ಹಿಂದೆ ಅವರನ್ನು ಹೊರಗೆ ಕಳುಹಿಸಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಈ ಊರಿನ ಅಂಗಳಕ್ಕೇ ಬಂದು 3–0 ಗೆದ್ದು ಹೋಯಿತು. 2006ರಲ್ಲಿ ನಾರ್ಥಾಂಪ್ಟನ್ ನಾಲ್ಕನೇ ಹಂತದಿಂದ ಮೂರನೆಯದಕ್ಕೆ ಏರಿತು. ಏರಿದ ತಂಡದಲ್ಲಿ ಮೂವತ್ತು ಮುಟ್ಟುತ್ತಿದ್ದ ಸ್ಟಾಪರ್‌ಗೆ, ಅಂದರೆ ಗೋಲಿನ ಮುಂದೆ ನಡುವೆ ನಿಂತು ತಡೆಯುವ ಆಟಗಾರನಿಗೆ, ಜಾಗ ಇರಲಿಲ್ಲ. ಅಲ್ಲಿಂದ ಮುಂದೆ ಚೆಸ್ಟರ್ ಸಿಟಿ, ಎರವಲಾಗಿ ಸ್ವಿಂಡನ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸಮ್, ಕೆಟರಿಂಗ್. ಚೆಸ್ಟರ್ ಸಿಟಿ ಎಂಬ ಕ್ಲಬ್ 2010ರಲ್ಲಿ ಸಾಲದಲ್ಲಿ ಕರಗಿಯೇ ಹೋಯಿತು. ರೆಕ್ಸಮ್ ಹೆಸರು ಈಗ ಇಬ್ಬರು ಸಿನಿಮಾ ನಟರು ಕೊಂಡದ್ದರಿಂದ ನನ್ನ ಮೊಮ್ಮಗನಿಗೂ ಗೊತ್ತು. ಇವರು ಹೋದಾಗ ಅದು ಎಂಬತ್ತೇಳು ವರ್ಷ ಇದ್ದ ಲೀಗ್‌ನಿಂದ ಆಗಷ್ಟೇ ಹೊರಬಿದ್ದು ಐದನೇ ಹಂತದಲ್ಲಿ ಒದ್ದಾಡುತ್ತಿತ್ತು, ಕ್ಯಾಮೆರಾ ಹಿಡಿದು ಬಂದವರು ಯಾರೂ ಇರಲಿಲ್ಲ.

ಈ ಊರುಗಳ ಪಟ್ಟಿಯನ್ನು ಓದಿ ‘ಎಲ್ಲಿಯೂ ನೆಲೆ ನಿಲ್ಲಲಿಲ್ಲ’ ಎಂದು ಬಿಡುವುದು ಸುಲಭ. ನಾನು ಸ್ಟಾಪರ್ ಆಡಿದವನು. ಕೆಳ ಡಿವಿಷನ್‌ನಲ್ಲಿ, ಹನ್ನೊಂದು ವರ್ಷ, ಮೂರು ತಂಡ. ಬಸ್ ಚಾರ್ಜು, ಪಂದ್ಯ ಮುಗಿದ ಮೇಲೆ ಬನ್ನು, ಬೇಯಿಸಿದ ಮೊಟ್ಟೆ, ಇಷ್ಟೇ ನನ್ನ ಗಳಿಕೆ. ಹಾಗಾಗಿ ವೆಸ್ಟ್‌ವುಡ್ ಜೊತೆ ಹೋಲಿಸಿಕೊಳ್ಳುವ ದುರಹಂಕಾರ ನನಗಿಲ್ಲ. ಆದರೆ ಹೊಸ ತಂಡದಲ್ಲಿ ಸ್ಟಾಪರ್ ಮೊದಲ ದಿನ ಏನು ಮಾಡಬೇಕೆಂಬುದು ಗೊತ್ತು. ಫಾರ್ವರ್ಡ್ ಆಡುವವನಿಗೆ ಚಿಂತೆಯಿಲ್ಲ, ಒಂದು ಗೋಲು ಹೊಡೆದರೆ ಇಡೀ ತಂಡ ಅವನ ನೆಂಟರು. ಸ್ಟಾಪರ್ ಹಾಗಲ್ಲ. ಎಡಗಡೆಯವನು ಎಷ್ಟು ಮುಂದೆ ಓಡಿಹೋಗುತ್ತಾನೆ, ಗೋಲ್‌ಕೀಪರ್ ಚೆಂಡಿಗೆ ಹೊರಗೆ ಬರುವವನೋ ಗೆರೆಗೇ ಅಂಟಿಕೊಳ್ಳುವವನೋ, ಜೊತೆಗಾರನಿಗೆ ಕೂಗಿ ಹೇಳಿದರೆ ಸಿಟ್ಟು ಬರುತ್ತದೋ ಇಲ್ಲವೋ, ಇದನ್ನೆಲ್ಲ ಒಂದು ವಾರದಲ್ಲಿ ಕಲಿತು ಶನಿವಾರ ಎದೆಯೊಡ್ಡಿ ನಿಲ್ಲಬೇಕು. ಕಲಿಯದಿದ್ದರೆ ತಪ್ಪು ಯಾರದಾದರೂ ಬೈಗುಳ ಅವನಿಗೇ. ಇದನ್ನು ಹತ್ತು ಊರುಗಳಲ್ಲಿ ಮಾಡಿದವರಿಗೆ ಹನ್ನೊಂದು ಜನ ಅಪರಿಚಿತರನ್ನು ಒಂದು ತಂಡವಾಗಿ ನಿಲ್ಲಿಸುವ ವಿದ್ಯೆ ಯಾವ ಕೋಚಿಂಗ್ ತರಗತಿಗಿಂತ ಚೆನ್ನಾಗಿ ಬಂದಿರುತ್ತದೆ.

2013ರಲ್ಲಿ ಬೆಂಗಳೂರಿಗೆ ಬೇಕಾಗಿದ್ದುದೂ ಅದೇ. ಜುಲೈನಲ್ಲಿ ಹುಟ್ಟಿದ ಕ್ಲಬ್ಬು, ಸೆಪ್ಟೆಂಬರ್ 22ಕ್ಕೆ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನ ಮೊದಲ ಪಂದ್ಯ, ಎದುರಿಗೆ ಕೋಲ್ಕತ್ತದ ಹಳೆಯ ತಂಡ ಮೋಹನ್ ಬಾಗನ್! ದೇಶದ ನಾಲ್ಕು ಮೂಲೆಯಿಂದ, ಆಸ್ಟ್ರೇಲಿಯಾ, ಲೈಬೀರಿಯಾದಿಂದ ಬಂದ ಆಟಗಾರರು. ಹಿಂದಿನ ಸಾಲಿನಲ್ಲಿ ಮಿಡಲ್ಸ್‌ಬರೋದ ಜಾನ್ ಜಾನ್ಸನ್. ವೆಸ್ಟ್‌ವುಡ್ ಬಿಟ್ಟ ಕೆಲ ವರ್ಷಗಳ ನಂತರ ಅದೇ ನಾರ್ಥಾಂಪ್ಟನ್‌ಗೆ ಆಡಿದ ಸ್ಟಾಪರ್. ಜೊತೆಗೆ ನಮ್ಮ ಬೆಂಗಳೂರಿನ ಹುಡುಗ ಶಂಕರ್ ಸಂಪಂಗಿರಾಜ್. ನಾಯಕ ಸುನಿಲ್ ಛೆಟ್ರಿ.

ವೆಸ್ಟ್‌ವುಡ್ ಅವರೂ ಆಗ ಮೂವತ್ತೇಳರ ಕೋಚ್, ಕೈಯಲ್ಲಿ ದೊಡ್ಡ ಹೆಸರೇನೂ ಇಲ್ಲ. ಅದರ ಹಿಂದಿನ ಎರಡು ವರ್ಷದಲ್ಲಿ ಮೈಕಲ್ ಆ್ಯಪಲ್‌ಟನ್ ಅವರಿಗೆ ಸಹಾಯಕರಾಗಿ ದಿವಾಳಿ ಅಂಚಿನ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಹೀಗೆ ಮೂರು ಕಡೆ ತಿರುಗಿದ್ದರು. ಬ್ಲ್ಯಾಕ್‌ಬರ್ನ್‌ನಲ್ಲಿ ಅರುವತ್ತೇಳನೇ ದಿನಕ್ಕೆ ಇಬ್ಬರನ್ನೂ ಮನೆಗೆ ಕಳುಹಿಸಲಾಯಿತು. ಆ ಕ್ಲಬ್ಬಿನ ಮಾಲೀಕರು ನಮ್ಮ ಪುಣೆಯ ಕೋಳಿ ಉದ್ಯಮದವರು. ಭಾರತದ ಮಾಲೀಕರು ಮಾರ್ಚ್‌ನಲ್ಲಿ ಕೆಲಸದಿಂದ ತೆಗೆದವರನ್ನು ಭಾರತದ ಇನ್ನೊಬ್ಬ ಮಾಲೀಕರು ಜುಲೈನಲ್ಲಿ ಸೇರಿಸಿಕೊಂಡರು. ಅವರಿಗೆ ಇದು ಎಷ್ಟನೇ ಬಾಗಿಲೋ.

ಮೊದಲ ಪಂದ್ಯ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಕೃತಕ ಹುಲ್ಲು, ಕಾಲಿಟ್ಟರೆ ಬಿಸಿ. ನಾನು ಮತ್ತು ಆಸ್ಟಿನ್ ಟೌನ್ ಗೆಳೆಯ ಕೋಚ್‌ಗಳು ಕೂರುವ ಬೆಂಚಿನಿಂದ ಐದಾರು ಮೆಟ್ಟಿಲು ಮೇಲೆ ಕುಳಿತಿದ್ದೆವು. ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದದ್ದು, 1–1ರಲ್ಲಿ ಪಂದ್ಯ ಮುಗಿದದ್ದು ನಿಮ್ಮ ಹಳೆಯ ಸಂಚಿಕೆಯಲ್ಲಿ ಸಿಗುತ್ತದೆ. ನನಗೆ ನೆನಪಿರುವುದು ಕೋಚ್‌ನ ಕೈಗಳು. ತೊಂಬತ್ತು ನಿಮಿಷದಲ್ಲಿ ಅವರು ಬೆಂಚಿನ ಮೇಲೆ ಕುಳಿತದ್ದನ್ನು ನಾನು ನೋಡಲಿಲ್ಲ. ಚೆಂಡು ನಮ್ಮ ಗೋಲಿನಿಂದ ದೂರ ಹೋದ ಕೂಡಲೇ ಎರಡೂ ಅಂಗೈಗಳನ್ನು ಎದೆಯ ಮುಂದೆ ಚಾಚಿ, ಕಟ್ಟಿನ ಬಾಗಿಲು ತಳ್ಳುವಂತೆ, ಮುಂದಕ್ಕೆ ತಳ್ಳುವುದು. ‘ಮೇಲೆ ಬನ್ನಿ, ಸಾಲು ಮೇಲೆ ತನ್ನಿ’ ಎಂದು ಅರ್ಥ. ಸ್ಟಾಪರ್ ಆಡಿದವರಿಗೆ ಮಾತ್ರ ಬರುವ ಕೈಸನ್ನೆ ಅದು. ಗೆಳೆಯ ನನ್ನ ಪಕ್ಕೆಗೆ ತಿವಿದ. ‘ನೋಡೋ, ನಿನ್ನ ಹಾಗೆಯೇ ಕೈ ಆಡಿಸುತ್ತಾರೆ.’ ಅಂದು ನನಗೆ ಅವರು ನಮ್ಮವರು ಎನ್ನಿಸಿತು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಮೊದಲ ವರ್ಷವೇ, 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಬೆಂಗಳೂರು ಐ-ಲೀಗ್ ಗೆದ್ದಿತು. ಮರುವರ್ಷ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್. ಗೆದ್ದ ಕಪ್‌ಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಗೆಲ್ಲದ ಒಂದರ ಬಗ್ಗೆ ಬರೆಯುತ್ತೇನೆ.

2015ರ ಮೇ 31, ಕಂಠೀರವ ಕ್ರೀಡಾಂಗಣ. ಲೀಗ್‌ನ ಕೊನೆಯ ಪಂದ್ಯ, ಎದುರಾಳಿ ಮತ್ತದೇ ಮೋಹನ್ ಬಾಗನ್. ನಾವು ಗೆದ್ದರೆ ಕಪ್ ನಮ್ಮದು, ಸಮವಾದರೂ ಅವರದು. ಮಳೆ ಬೇರೆ. 41ನೇ ನಿಮಿಷದಲ್ಲಿ ಕಾರ್ನರ್, ಜಾನ್ ಜಾನ್ಸನ್ ತಲೆಕೊಟ್ಟು ಗೋಲು. ನೆನೆದ ಮೆಟ್ಟಿಲಿನ ಮೇಲೆ ನೀಲಿ ಅಂಗಿಯವರೆಲ್ಲ ಕುಣಿಯುತ್ತಿದ್ದರು. ಎರಡನೇ ಅವಧಿಯ ಕೊನೆಯಲ್ಲಿ, 87ನೇ ನಿಮಿಷ, ಅವರಿಗೆ ಕಾರ್ನರ್. ನಾನು ಕಾರ್ನರ್ ಹೊಡೆಯುವವನನ್ನು ನೋಡಲಿಲ್ಲ, ಅಭ್ಯಾಸಬಲದಿಂದ ಗೋಲಿನ ಮುಂದಿದ್ದವರನ್ನು ಎಣಿಸುತ್ತಿದ್ದೆ. ಒದ್ದೆ ಚೆಂಡು ಹೆಡ್ ಮಾಡಿದವರಿಗೆ ಗೊತ್ತು, ಅದು ಅಂದಾಜಿಗಿಂತ ಒಂದು ಗೇಣು ಬೇಗ ಇಳಿಯುತ್ತದೆ, ಹಣೆಗೆ ತಾಗಬೇಕಾದದ್ದು ನೆತ್ತಿಗೆ ಜಾರುತ್ತದೆ. ಬೆಲ್ಲೊ ರಜಾಕ್ ಎಲ್ಲರಿಗಿಂತ ಮೇಲೆದ್ದ. 1–1. ಬೆಲ್ಲೊ ಕೂಡ ಸ್ಟಾಪರ್. ಒಂದು ಕಪ್ಪು ಒಬ್ಬ ಸ್ಟಾಪರ್‌ನ ಹಣೆಯಿಂದ ಬಂದು ಇನ್ನೊಬ್ಬ ಸ್ಟಾಪರ್‌ನ ಹಣೆಯಿಂದ ಹೋಯಿತು. ನೋಡುತ್ತ ನಿಂತಿದ್ದವರೂ ಜೀವನವಿಡೀ ಕಾರ್ನರ್‌ಗಳಿಗೆ ತಲೆ ಒಡ್ಡಿದವರು. ಅದಾದ ಮೇಲೂ ಅವರ ಅಂಗೈಗಳು ‘ಮೇಲೆ, ಮೇಲೆ’ ಎಂದು ತಳ್ಳುತ್ತಲೇ ಇದ್ದವು, ಮೂರು ನಿಮಿಷ ಉಳಿದಿತ್ತಲ್ಲ. ಹದಿಮೂರು ವರ್ಷ ಕಾದಿದ್ದ ಬಾಗನ್‌ನವರು ಅಳುತ್ತ ಕುಣಿದರು, ನಾವು ಕೊಡೆ ಬಿಚ್ಚದೆ ಮನೆಗೆ ಹೋದೆವು.

2016ರಲ್ಲಿ ಕರಾರು ತೀರಿ ಅವರು ಹೊರಟರು. ಮೂರು ವರ್ಷ. ಅವರ ಲೆಕ್ಕದಲ್ಲಿ ಅದು ದೀರ್ಘ ವಾಸ. ಮತ್ತೆ ತಿರುಗಾಟ ಶುರು. ಮಲೇಷ್ಯಾದ ಪೆನಾಂಗ್, ಕೋಲ್ಕತ್ತದ ಎಟಿಕೆ, ಪಂಜಾಬ್. ಆಮೇಲೆ, ಯಾರೂ ಊಹಿಸದ ಅಫ್ಘಾನಿಸ್ತಾನ. ತಾಯ್ನೆಲದಲ್ಲಿ ಆಡಲಾಗದ ತಂಡ ಅದು. ಭಾರತದ ವಿರುದ್ಧ ಅವರ ‘ತವರಿನ’ ಪಂದ್ಯ ನಡೆದದ್ದು ಸೌದಿ ಅರೇಬಿಯಾದ ಅಭಾದಲ್ಲಿ, 0–0. ಹಲವರು ಹೊರದೇಶಗಳಲ್ಲಿ ಬಿಡಾರ ಹೂಡಿದ ಆಟಗಾರರು. ಐದು ದಿನಗಳ ನಂತರ, 2024ರ ಮಾರ್ಚ್ 26, ಗುವಾಹಟಿ. ಛೆಟ್ರಿ ಅವರ 150ನೇ ಅಂತರರಾಷ್ಟ್ರೀಯ ಪಂದ್ಯ. 38ನೇ ನಿಮಿಷದಲ್ಲಿ ಅವರದೇ ಪೆನಾಲ್ಟಿ ಗೋಲು. ಭಾರತದ ಶ್ರೇಯಾಂಕ 117, ಅಫ್ಘಾನಿಸ್ತಾನದ್ದು 158. ಕೊನೆಗೆ ಫಲಿತಾಂಶ 1–2! ಎದುರು ಬದಿಯ ಗೆರೆಯಲ್ಲಿ ನಿಂತು ಅಂಗೈ ತಳ್ಳುತ್ತಿದ್ದವರು ಛೆಟ್ರಿ ಅವರ ಹಳೆಯ ಕೋಚ್.

ಟಿವಿ ಮುಂದೆ ಕುಳಿತಿದ್ದ ನನಗೆ ಭಾರತ ಸೋತ ಸಿಟ್ಟು ನಿಜವಾಗಿಯೂ ಬಂದಿತ್ತು, ರಿಮೋಟ್ ಸೋಫಾದ ಮೇಲೆ ಎಸೆದೆ. ಆದರೂ ಊರಿಲ್ಲದ ಹನ್ನೊಂದು ಜನರನ್ನು ಊರೂರು ತಿರುಗಿದ ಒಬ್ಬರು ಸಾಲಾಗಿ ನಿಲ್ಲಿಸಿದ್ದನ್ನು ನೋಡಿ ಒಳಗೊಳಗೇ ಬೇರೇನೋ ಆಯಿತು. ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲೂ ಅದೇ. ನಿಮ್ಮ ಬರಹಗಾರರು ಭಾರತದ ಸೋಲಿಗೆ ಕಾರಣವನ್ನು ‘ಪ್ರೀಮಿಯರ್ ಲೀಗ್ ಅನುಭವ’ದಲ್ಲಿ ಹುಡುಕಿದ್ದಾರೆ. ಅಲ್ಲಿ ಸಿಗುವುದಿಲ್ಲ. ಹುಡುಕುವುದಾದರೆ ಪೋರ್ಟ್ ವೇಲ್‌ನಲ್ಲಿ, ಕೆಟರಿಂಗ್‌ನಲ್ಲಿ ಹುಡುಕಬೇಕು.

ತಿದ್ದುಪಡಿಯನ್ನು ನಾನೇ ಬರೆದಿದ್ದೇನೆ. ನಿಮ್ಮ ಬಾಕ್ಸ್‌ನ 12 ಸಾಲಿಗೆ ಇದು ಆರೇ ಸಾಲು:

‘ಜೂನ್ 10ರ ಪಂದ್ಯದಲ್ಲಿ ಹಾಂಗ್‌ಕಾಂಗ್ ಕೋಚ್ ಆಗಿದ್ದ ಆ್ಯಶ್ಲಿ ವೆಸ್ಟ್‌ವುಡ್ (ಜನನ 1976) ಆಸ್ಟನ್ ವಿಲ್ಲಾ, ಬರ್ನ್ಲಿ ತಂಡಗಳಿಗೆ ಆಡಿದವರಲ್ಲ. ಅವರು ಸ್ಟಾಪರ್ ಆಗಿ ಕ್ರೂ ಅಲೆಗ್ಸಾಂಡ್ರಾ, ಬ್ರ್ಯಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್ ಟೌನ್, ಚೆಸ್ಟರ್ ಸಿಟಿ, ಸ್ವಿಂಡನ್ ಟೌನ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸಮ್ ಮತ್ತು ಕೆಟರಿಂಗ್ ತಂಡಗಳಿಗೆ ಆಡಿದ್ದರು. 2013ರಿಂದ 2016ರವರೆಗೆ ಬೆಂಗಳೂರು ಎಫ್‌ಸಿಯ ಕೋಚ್ ಆಗಿ ಎರಡು ಐ-ಲೀಗ್, ಒಂದು ಫೆಡರೇಷನ್ ಕಪ್ ಗೆದ್ದರು.’

ಜಾಗ ಸಾಲದಿದ್ದರೆ ಸ್ವಿಂಡನ್ ತೆಗೆಯಿರಿ, ಅಲ್ಲಿ ಅವರು ಎರವಲು. ತೀರಾ ಇಕ್ಕಟ್ಟಾದರೆ ಕೆಟರಿಂಗ್ ಕೂಡ ಹೋಗಲಿ. ಕ್ರೂ ಮಾತ್ರ ಬಿಡಬೇಡಿ. ಇಬ್ಬರು ವೆಸ್ಟ್‌ವುಡ್‌ಗಳು ಬೆರೆತುಹೋದದ್ದು ಆ ಜಂಕ್ಷನ್ನಿನಲ್ಲೇ.

ಇಂತು ನಿಮ್ಮ ದಿನನಿತ್ಯದ ಓದುಗ,
ನಿವೃತ್ತ ಫಿಟ್ಟರ್, ಹಳೆಯ ಸ್ಟಾಪರ್
ಹಲಸೂರು, ಬೆಂಗಳೂರು